ತಿದ್ದುವ ಕೈ, ನೋಯಿಸುವ ಕೈ

ಪವಿತ್ರ ಕುಟುಂಬದ ಹಬ್ಬಕ್ಕೆ ಒಂದು ಚಿಂತನೆ



ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುವಾಗಲೇ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ನಮ್ಮ ಮುಂದಿಡುತ್ತದೆ. ಈ ಹಬ್ಬದ ಪ್ರಬೋಧನೆಯಲ್ಲಿ ಹೆಚ್ಚಾಗಿ ಬುದ್ಧಿಮಾತು ಕೇಳಿಸಿಕೊಳ್ಳುವವರು ಮಕ್ಕಳು. ತಂದೆತಾಯಿಗಳನ್ನು ಗೌರವಿಸಬೇಕು, ಹೇಳಿದ ಮಾತು ಕೇಳಬೇಕು, ಮುಪ್ಪಿನಲ್ಲಿ ಅವರನ್ನು ನೋಡಿಕೊಳ್ಳಬೇಕು. ಸಿರಾಖನ ಗ್ರಂಥದಿಂದ ಓದುವ ಮೊದಲನೆಯ ವಾಚನವೂ ಇದನ್ನೇ ಹೇಳುತ್ತದೆ. ಆದರೆ ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಿಂದ ಅದೇ ದಿನ ಓದುವ ವಾಚನದ ಕೊನೆಯ ವಾಕ್ಯ ಮಕ್ಕಳಿಗೆ ಹೇಳಿದ್ದಲ್ಲ, ಅಪ್ಪಂದಿರಿಗೆ ಹೇಳಿದ್ದು. ಮಕ್ಕಳನ್ನು ಕೆಣಕಿ ಅವರ ಎದೆಗುಂದಿಸಬಾರದು ಎಂಬುದು ಅದರ ತಾತ್ಪರ್ಯ. ಈ ವಾಕ್ಯ ಬರುವಷ್ಟರಲ್ಲಿ ನಮ್ಮ ಗಮನ ಬೇರೆಲ್ಲೋ ಹೋಗಿರುತ್ತದೆ. ಈ ಸಲ ಇದೊಂದನ್ನೇ ಹಿಡಿದುಕೊಂಡು ಕೂರೋಣ.

ಏಕೆಂದರೆ ಮನೆಭೇಟಿಗೆ ಹೋದಾಗ ಹೆತ್ತವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಫಾದರ್, ಹೊಡೆಯದೆ ಬೆಳೆಸಲು ಸಾಧ್ಯವೇ? ನಮ್ಮನ್ನೂ ನಮ್ಮ ಅಪ್ಪ ಹೊಡೆದೇ ಬೆಳೆಸಿದ್ದು, ನಾವೇನು ಕೆಟ್ಟುಹೋದೆವಾ?" ಎಷ್ಟೋ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಹಿಂದೆಯೇ ಬೆತ್ತ ಸಿಕ್ಕಿಸಿಟ್ಟಿರುತ್ತಾರೆ. ಅದು ಅಲ್ಲಿರುವುದನ್ನು ಮಕ್ಕಳೇ ನಮಗೆ ತೋರಿಸುತ್ತಾರೆ, ಕೆಲವರು ನಗುತ್ತಾ, ಕೆಲವರು ನಗದೆ. ತಿದ್ದುವುದು ಎಲ್ಲಿ ಮುಗಿಯುತ್ತದೆ, ಹಿಂಸೆ ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆಗೆ ನುಣುಚಿಕೊಳ್ಳದೆ ಉತ್ತರ ಹೇಳುವ ಹೊಣೆ ನಮ್ಮದು.

ಮೂರು ದಿನಗಳ ಹುಡುಕಾಟ

ಮೂರು ವರ್ಷಕ್ಕೊಮ್ಮೆ ಈ ಹಬ್ಬದಂದು ಓದುವ ಸಂತ ಲೂಕರ ಶುಭಸಂದೇಶವನ್ನು ನೆನಪಿಸಿಕೊಳ್ಳಿ. 12 ವರ್ಷದ ಬಾಲಯೇಸು ಪಾಸ್ಕ ಹಬ್ಬ ಮುಗಿದ ಮೇಲೆ ಹೇಳದೆ ಕೇಳದೆ ಜೆರುಸಲೇಮಿನಲ್ಲೇ ಉಳಿದುಬಿಡುತ್ತಾರೆ. ನಜರೇತಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಗ ಜೊತೆಯವರೊಂದಿಗೆ ಬರುತ್ತಿರಬಹುದೆಂದುಕೊಂಡು ತಂದೆತಾಯಿ ಒಂದು ದಿನದ ಪಯಣ ಮುಗಿಸಿದ್ದಾರೆ. ಬಂಧುಬಳಗದಲ್ಲಿ ಹುಡುಕುತ್ತಾರೆ, ಇಲ್ಲ. ಹಿಂದಿರುಗಿ ಹುಡುಕುತ್ತಾರೆ. ಸಿಕ್ಕುವುದು ಮೂರು ದಿನಗಳ ಮೇಲೆ.

ಸೆಪ್ಟೆಂಬರ್ 8ರ ಹಬ್ಬದಂದು ಶಿವಾಜಿನಗರದ ಬೆಸಿಲಿಕಾದ ಜಂಗುಳಿಯಲ್ಲಿ ಮಗುವಿನ ಕೈ ಬಿಟ್ಟುಹೋದ ತಾಯಂದಿರಿಗೆ ಆ ಸಂಕಟ ಗೊತ್ತು. ಅಲ್ಲಿ ಕಾಲು ಗಂಟೆಯೇ ಒಂದು ಯುಗ. ಮಗು ಸಿಕ್ಕ ಕೂಡಲೇ ನಾವು ಕಾಣುವುದೇನು? ಮೊದಲು ಒಂದು ಏಟು, ಆಮೇಲೆ ಅಪ್ಪುಗೆ. ಭಯವೆಲ್ಲ ಕೈಗೆ ಇಳಿದಿರುತ್ತದೆ.

ಮಾತೆ ಮರಿಯಮ್ಮನವರು ಮಾಡಿದ್ದೇನು? ಲೂಕರು ಬರೆದಿರುವುದು ಒಂದು ಪ್ರಶ್ನೆ ಮತ್ತು ಒಂದು ಸಂಗತಿ, ಅಷ್ಟೇ. ಹೀಗೇಕೆ ಮಾಡಿದೆ ಎಂಬುದು ಪ್ರಶ್ನೆ. ನಿನ್ನ ತಂದೆಯೂ ನಾನೂ ಎಷ್ಟು ನೊಂದು ಹುಡುಕಿದೆವು ಎಂಬುದು ಸಂಗತಿ. ಅವರು ತಪ್ಪನ್ನು ಮುಚ್ಚಿಡಲಿಲ್ಲ, ತಮ್ಮ ನೋವನ್ನೂ ಮುಚ್ಚಿಡಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾದರು. ಬಂದ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದೂ ಲೂಕರು ಬರೆಯುತ್ತಾರೆ. ಅರ್ಥವಾಗದ ಉತ್ತರ ಕೊಟ್ಟ ಮಗನಿಗೆ "ಎದುರು ಮಾತಾಡುತ್ತೀಯಾ?" ಎನ್ನದಿರುವುದು ಎಷ್ಟು ಕಷ್ಟವೆಂದು ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ. ಆ ಮಗ ಅವರೊಂದಿಗೆ ನಜರೇತಿಗೆ ಹಿಂದಿರುಗಿ ವಿಧೇಯನಾಗಿ ನಡೆದುಕೊಂಡ. ಅಂದರೆ ಆ ಮನೆಯಲ್ಲಿ ಶಿಸ್ತು ಇತ್ತು.

ಬೆತ್ತದ ವಾಕ್ಯಗಳು

ಇಲ್ಲಿ ಕೆಲವರು ಬೈಬಲನ್ನೇ ತೆರೆದು ತೋರಿಸುತ್ತಾರೆ. ಬೆತ್ತ ಹಿಡಿಯದ ತಂದೆ ಮಗನನ್ನು ದ್ವೇಷಿಸುತ್ತಾನೆಂದು ಜ್ಞಾನೋಕ್ತಿಗಳಲ್ಲಿ ಇಲ್ಲವೇ? ಸಿರಾಖನೂ ಹಾಗೆಯೇ ಹೇಳುತ್ತಾನಲ್ಲವೇ? ಹೌದು, ಇದೆ. ಆ ಬೆತ್ತ ಕುರಿಗಾಹಿಯ ಕೋಲು ಮಾತ್ರ, ಹೊಡೆಯುವ ಕೋಲಲ್ಲ ಎಂದು ವ್ಯಾಖ್ಯಾನ ಮಾಡುವವರಿದ್ದಾರೆ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಕಾಲದ ಜನ ಹೊಡೆಯುವುದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿದರು. ಅದೇ ಹಳೆಯ ಒಡಂಬಡಿಕೆಯಲ್ಲಿ ಹಟಮಾರಿ ಮಗನನ್ನು ಕಲ್ಲೆಸೆದು ಕೊಲ್ಲುವ ಶಾಸನವೂ ಉಂಟು, ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ. ಅದನ್ನು ಯಾರೂ ಇಂದು ಪಾಲಿಸಿ ಎನ್ನುವುದಿಲ್ಲ. ಆದರೆ ಆ ಶಾಸನದಲ್ಲೂ ಒಂದು ಸೂಕ್ಷ್ಮವಿದೆ. ತಂದೆ ತಾನೇ ತೀರ್ಪು ಕೊಡುವಂತಿಲ್ಲ, ಊರಬಾಗಿಲಿನಲ್ಲಿ ಕುಳಿತ ಹಿರಿಯರ ಮುಂದೆ ಮಗನನ್ನು ಕರೆತರಬೇಕು. ಮಗನ ಜೀವ ತಂದೆಯೊಬ್ಬನ ಕೈಯಲ್ಲಿಲ್ಲ ಎಂಬುದನ್ನು ಆ ಕಠಿಣ ಕಾಲದಲ್ಲೇ ಅದು ಒಪ್ಪಿಕೊಂಡಿತ್ತು.

ರೋಮ್ ಸಾಮ್ರಾಜ್ಯದ ಕಾನೂನಿನಲ್ಲಿ ಹಾಗಿರಲಿಲ್ಲ. ಅಲ್ಲಿ ಮನೆಯ ಯಜಮಾನನಿಗೆ ಮಕ್ಕಳ ಮೇಲೆ ಸಾವುಬದುಕಿನ ಅಧಿಕಾರವಿತ್ತು. ಅಂಥ ಲೋಕದಲ್ಲಿ ಕುಳಿತು ಸಂತ ಪೌಲರು ತಂದೆಗೆ ಮಿತಿ ಹಾಕುತ್ತಾರೆ. ಎಫೆಸಿಯರಿಗೆ ಬರೆದ ಪತ್ರದಲ್ಲೂ ಅದೇ ಮಾತನ್ನು ಹೇಳುತ್ತಾರೆ. ಕೊಲೊಸ್ಸೆಯರ ಪತ್ರದಲ್ಲಿ ಅವರು ಬಳಸಿದ ಗ್ರೀಕ್ ಪದಕ್ಕೆ ಧೈರ್ಯಗುಂದುವುದು, ಒಳಗಿನ ಉತ್ಸಾಹ ಬತ್ತಿಹೋಗುವುದು ಎಂಬ ಅರ್ಥವಿದೆ. ಎಷ್ಟು ಏಟು ಸರಿ, ಎಷ್ಟು ಹೆಚ್ಚು ಎಂದು ಪೌಲರು ಎಣಿಸಲು ಹೋಗುವುದಿಲ್ಲ. ಅಳತೆಗೋಲನ್ನು ಮಗುವಿನ ಎದೆಯೊಳಗೆ ಇಡುತ್ತಾರೆ. ನಮ್ಮ ಪ್ರಭು ಮಗುವನ್ನು ಶಿಷ್ಯರ ನಡುವೆ ನಿಲ್ಲಿಸಿ ಅಪ್ಪಿಕೊಂಡದ್ದು, ಮಕ್ಕಳನ್ನು ಗದರಿಸಿದ ಶಿಷ್ಯರ ಮೇಲೆ ಕೋಪಗೊಂಡದ್ದು, ಚಿಕ್ಕವರನ್ನು ಎಡವಿಸುವವನ ಕುತ್ತಿಗೆಗೆ ಬೀಸುವ ಕಲ್ಲಿನ ಮಾತಾಡಿದ್ದು ನಮಗೆಲ್ಲ ಗೊತ್ತು. ಹಳೆಯ ಗ್ರಂಥದ ಬೆತ್ತವನ್ನು ನಾವು ಓದಬೇಕಾದ್ದು ಈ ಬೆಳಕಿನಲ್ಲಿ.

ಇನ್ನೊಂದು ವಿಷಯವನ್ನೂ ಮರೆಮಾಚದೆ ಹೇಳಬೇಕು. 2015ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್‌ರವರು ವ್ಯಾಟಿಕನ್ನಿನ ಬುಧವಾರದ ಸಭೆಯಲ್ಲಿ ಒಬ್ಬ ತಂದೆಯ ಮಾತನ್ನು ನೆನೆದರು. ಆ ತಂದೆ ಮಕ್ಕಳಿಗೆ ಒಮ್ಮೊಮ್ಮೆ ಮೆಲ್ಲಗೆ ಹೊಡೆಯುತ್ತಾನೆ, ಆದರೆ ಅವಮಾನವಾಗಬಾರದೆಂದು ಮುಖಕ್ಕೆ ಎಂದೂ ಹೊಡೆಯುವುದಿಲ್ಲ. ಪೋಪ್‌ರವರು ಆತನಿಗೆ ಘನತೆಯ ಅರಿವಿದೆ ಎಂದು ಮೆಚ್ಚಿದರು. ಮಕ್ಕಳ ಹಕ್ಕುಗಳಿಗಾಗಿ ದುಡಿಯುವವರು ಇದನ್ನು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು ಎಂಬುದು ನಮ್ಮ ಅಭಿಪ್ರಾಯ. ಮರುವರ್ಷ, 2016ರಲ್ಲಿ, ಅವರೇ ಕುಟುಂಬಗಳಿಗಾಗಿ ಹೊರಡಿಸಿದ ಪ್ರೇಷಿತ ಪತ್ರ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ ಸದಾ ಶಿಕ್ಷಿಸುವ ಮನೋಭಾವದಿಂದ ಮಕ್ಕಳಿಗೆ ಕೇಡೇ ಆಗುತ್ತದೆ, ಹೆತ್ತವರು ತಮ್ಮ ಹತಾಶೆಯನ್ನು ಮಕ್ಕಳ ಮೇಲೆ ತೀರಿಸಿಕೊಳ್ಳಬಾರದು ಎಂದು ಬರೆದರು. ಪೌಲರ ಅದೇ ವಾಕ್ಯವನ್ನು ಅಲ್ಲಿ ನೆನಪಿಸಿದರು.

ಹಾಗಾದರೆ ಗೆರೆ ಎಲ್ಲಿದೆ?

ನಮ್ಮ ಹಿರಿಯರದ್ದೊಂದು ಗಾದೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಗೆರೆಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಗೊತ್ತಿಲ್ಲ. ಶಿಕ್ಷೆಯ ಅಳತೆ ಮಗುವಿನ ತಪ್ಪಿಗೆ ತಕ್ಕಂತಿದೆಯೋ, ದೊಡ್ಡವರ ಕೋಪಕ್ಕೆ ತಕ್ಕಂತಿದೆಯೋ? ಹಾಲು ಚೆಲ್ಲಿದ್ದು ಭಾನುವಾರವಾದರೆ "ಹೋಗಲಿ ಬಿಡು", ಸಾಲಗಾರ ಬಂದುಹೋದ ಸಂಜೆಯಾದರೆ ಕೆನ್ನೆಗೆ ಏಟು. ಎರಡೂ ದಿನ ಚೆಲ್ಲಿದ್ದು ಅದೇ ಹಾಲು. ಹಾಗಿದ್ದ ಮೇಲೆ ಆ ಏಟು ಹಾಲಿಗೆ ಬಿದ್ದದ್ದಲ್ಲ. ಕುಡಿದು ಬಂದ ಅಪ್ಪನ ಕೈಯಲ್ಲಿರುವ ಬೆಲ್ಟಿನ ಬಗ್ಗೆ ವಿವರಿಸುವ ಅಗತ್ಯವೇ ಇಲ್ಲ. ಆದರೆ ದಿನವಿಡೀ ಒಬ್ಬಳೇ ಮನೆ, ಅತ್ತೆಮಾವ, ಮೂರು ಮಕ್ಕಳನ್ನು ನೋಡಿಕೊಂಡು ಸುಸ್ತಾದ ತಾಯಿಯ ಕೈಯೂ ಇದೇ ರೀತಿ ಏಳುತ್ತದೆ. ಅವಳ ದಣಿವು ನಿಜ. ಮಗುವಿನ ನೋವೂ ನಿಜ.

ಮೈಯ ವಿಷಯದಲ್ಲಿ ಕೆಲವನ್ನು ಚರ್ಚೆಯೇ ಇಲ್ಲದೆ ಹೇಳಿಬಿಡಬಹುದು. ತಲೆ, ಮುಖ, ಕಿವಿಯ ಮೇಲೆ ಹೊಡೆಯುವುದು ಶಿಸ್ತಲ್ಲ. ಕಪಾಳಕ್ಕೆ ಬಾರಿಸಿದ ಒಂದೇ ಏಟಿಗೆ ಕಿವಿಯ ತಮಟೆ ಹರಿಯಬಹುದು. ಅಳುವ ಹಸುಗೂಸನ್ನು ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದರೆ ಮೈಮೇಲೆ ಒಂದು ಗಾಯವೂ ಕಾಣದಂತೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಮಗು ಸಾಯಬಹುದು. ಬೆಲ್ಟು, ಸೌಟು, ವೈರು ಹಿಡಿದು ಬಾಸುಂಡೆ ಬರುವಂತೆ ಹೊಡೆಯುವುದು, ಬರೆ ಹಾಕುವುದು, ಒಣಮೆಣಸಿನಕಾಯಿ ಹೊಗೆ ಹಾಕುವುದು, ಊಟ ಕೊಡದಿರುವುದು, ಕತ್ತಲ ಕೋಣೆಯಲ್ಲೋ ಬಚ್ಚಲಲ್ಲೋ ಕೂಡಿಹಾಕುವುದು, ಬಟ್ಟೆ ಬಿಚ್ಚಿಸಿ ಬಾಗಿಲ ಹೊರಗೆ ನಿಲ್ಲಿಸುವುದು: ಇವೆಲ್ಲ ನಮ್ಮ ಊರುಗಳಲ್ಲಿ ಬುದ್ಧಿ ಕಲಿಸುವ ಹೆಸರಿನಲ್ಲೇ ನಡೆದಿವೆ. ಇವುಗಳ ಹೆಸರು ಹಿಂಸೆ.

ಹಾಗಾದರೆ ಅಂಗೈಯಿಂದ ಕೊಟ್ಟ ಒಂದು ಸಣ್ಣ ಏಟು? ಅದನ್ನು ಬರೆ ಹಾಕುವುದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಅದರಿಂದ ಒಳಿತಾಗುತ್ತದೆಂಬ ನಂಬಿಕೆಗೆ ಆಧಾರ ಸಿಗುತ್ತಿಲ್ಲ. 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಐವತ್ತು ವರ್ಷಗಳ ಅಧ್ಯಯನಗಳನ್ನು, ಒಟ್ಟು 1,60,000ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಬರಿಗೈಯಿಂದ ಕೊಡುವ ಸಾಧಾರಣ ಏಟನ್ನೇ. ಹೆಚ್ಚು ಏಟು ತಿಂದ ಮಕ್ಕಳಲ್ಲಿ ಹಟಮಾರಿತನ, ಜಗಳಗಂಟಿತನ ಮತ್ತು ಮನಸ್ಸಿನ ತೊಂದರೆಗಳು ಹೆಚ್ಚಾಗಿ ಕಂಡವು, ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ. ಹೊಡೆದದ್ದರಿಂದ ಹಟವೋ, ಹಟದಿಂದ ಹೊಡೆತವೋ ಎಂದು ವಾದಿಸಬಹುದು. ಏಟಿನಿಂದ ಮಗು ಸುಧಾರಿಸಿತು ಎಂದು ಹೇಳಲಂತೂ ಆ ಲೆಕ್ಕದಲ್ಲಿ ದಾರಿಯಿಲ್ಲ. "ನಾವೇನು ಕೆಟ್ಟುಹೋದೆವಾ?" ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟು: ನೀವು ಒಳ್ಳೆಯವರಾದದ್ದು ಅಪ್ಪನ ಬೆತ್ತದಿಂದಲೋ, ಅಪ್ಪ ನಿಮಗಾಗಿ ಹೊತ್ತ ಮಣ್ಣಿನಿಂದಲೋ, ಯೋಚಿಸಿ ನೋಡಿ.

ಗಾಯ ಕಾಣದ ಏಟುಗಳೂ ಇವೆ. "ನೀನು ಹುಟ್ಟದಿದ್ದರೇ ಚೆನ್ನಾಗಿತ್ತು", "ಪಕ್ಕದ ಮನೆ ಹುಡುಗನ ಕಾಲು ತೊಳೆದು ನೀರು ಕುಡಿ" ಎಂಬ ಮಾತುಗಳು ಬೆತ್ತಕ್ಕಿಂತ ಆಳಕ್ಕೆ ಇಳಿಯುತ್ತವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಇಂಥ ಮಾತು ಕೇಳಿ ಮನೆಬಿಟ್ಟ, ಅದಕ್ಕಿಂತಲೂ ಕೆಟ್ಟ ನಿರ್ಧಾರ ಮಾಡಿದ ಮಕ್ಕಳ ಸುದ್ದಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಎದೆಗುಂದುವುದು ಎಂದು ಪೌಲರು ಹೇಳಿದ್ದು ಇದನ್ನೇ ಅಲ್ಲವೇ?

ನಮ್ಮ ಕಥೋಲಿಕ ಮನೆಗಳದ್ದೇ ಆದ ಒಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ತಪ್ಪು ಮಾಡಿದ ಮಗುವನ್ನು ಪೀಠದ ಮುಂದೆ ಶಿಲುಬೆಯಂತೆ ಕೈ ಚಾಚಿಸಿ ಮೊಣಕಾಲೂರಿಸುವುದು, ಶಿಕ್ಷೆಯಾಗಿ ಜಪಸರ ಹೇಳಿಸುವುದು, "ಯೇಸುಸ್ವಾಮಿಗೆ ನೀನು ಇಷ್ಟವಿಲ್ಲ" ಎನ್ನುವುದು. ಜಪಸರವನ್ನು ಬೆತ್ತವಾಗಿ ಬಳಸಿದರೆ ಮಗು ಮುಂದೆ ಜಪಸರವನ್ನು ಕಂಡಾಗ ನೆನೆಯುವುದು ಮರಿಯಮ್ಮನವರನ್ನಲ್ಲ, ಉರಿಯುವ ಮೊಣಕಾಲನ್ನು. ಧರ್ಮೋಪದೇಶದ ತರಗತಿಯಲ್ಲಿ ನಾವು ಎಷ್ಟೇ ಪಾಠ ಹೇಳಿದರೂ ಅದನ್ನು ಅಳಿಸುವುದು ಕಷ್ಟ.

ಇನ್ನೊಂದು ಗುರುತು ಬಹಳ ಸುಲಭ. ನೀವು ಮನೆಗೆ ಬಂದ ಸದ್ದು ಕೇಳಿದಾಗ ಮಗು ಬಾಗಿಲ ಕಡೆ ಓಡಿಬರುತ್ತದೆಯೋ, ಒಳಕೋಣೆಗೆ ಓಡುತ್ತದೆಯೋ? ತಪ್ಪಾದಾಗ ಮೊದಲು ನಿಮಗೇ ಹೇಳುತ್ತದೆಯೋ, ನಿಮಗೊಬ್ಬರಿಗೆ ತಿಳಿಯದಂತೆ ಮುಚ್ಚಿಡುತ್ತದೆಯೋ?

ಹೊಡೆಯದಿದ್ದರೆ ಮತ್ತೇನು?

ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಸಮುವೇಲನ ಮೊದಲನೆಯ ಗ್ರಂಥದ ಯಾಜಕ ಏಲಿಯ ಕಥೆ ಓದಿ. ದೇವಾಲಯದಲ್ಲೇ ದುರಾಚಾರ ಮಾಡುತ್ತಿದ್ದ ಮಕ್ಕಳನ್ನು ಅವನು ತಡೆಯಲಿಲ್ಲ. ದೇವರು ಅವನನ್ನೇ ಹೊಣೆಗಾರನನ್ನಾಗಿ ಮಾಡಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವವನು ಅದಕ್ಕೆ ಬಡಿಯುವುದಿಲ್ಲ, ಪಕ್ಕಕ್ಕೆ ಕೋಲು ನೆಟ್ಟು ಕಟ್ಟುತ್ತಾನೆ.

ಚೆಲ್ಲಿದ ಹಾಲನ್ನು ಮಗುವೇ ಒರೆಸಲಿ. ಚೆಂಡಾಟದಲ್ಲಿ ಪಕ್ಕದ ಮನೆಯ ಗಾಜು ಒಡೆದರೆ ಅಪ್ಪನ ಜೊತೆ ಹೋಗಿ ಕ್ಷಮೆ ಕೇಳಲಿ, ಹಬ್ಬದ ಕಾಸಿನಲ್ಲಿ ಸ್ವಲ್ಪ ಅದಕ್ಕೆ ಹೋಗಲಿ. ಮೊಬೈಲು ಮಾತು ಮೀರಿದರೆ ಎರಡು ದಿನ ಬೀರುವಿನಲ್ಲಿರಲಿ, ಎರಡೇ ದಿನ, ಹೇಳಿದ ದಿನಕ್ಕೆ ತಪ್ಪದೆ ಹಿಂದಿರುಗಲಿ. ನಿಯಮ ಮೊದಲೇ ಗೊತ್ತಿರಬೇಕು, ಅಪ್ಪನಿಗೂ ಅಮ್ಮನಿಗೂ ಒಂದೇ ಇರಬೇಕು, ಇವತ್ತಿಗೂ ನಾಳೆಗೂ ಒಂದೇ ಇರಬೇಕು. ಕೈ ಏಳುವಂತಾದರೆ ಜಗಲಿಗೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ತೀರ್ಪು ಹತ್ತು ನಿಮಿಷ ಕಾಯಬಲ್ಲದು.

ಬೀದಿಯಲ್ಲಿ ಅಲೆಯುತ್ತಿದ್ದ, ಜೈಲು ಕಂಡ ಹುಡುಗರನ್ನು ಬೆಳೆಸಿದ ಸಂತ ಜಾನ್ ಬೋಸ್ಕೊರವರು 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಬರೆದಿಟ್ಟರು. ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರರ ಮೇಲೆ ಅದನ್ನು ನಿಲ್ಲಿಸಿದರು, ಏಟನ್ನು ಹೊರಗಿಟ್ಟರು. ಮನೆಯ ಮೂರು ಮಕ್ಕಳ ಗಲಾಟೆಯಲ್ಲ ಅವರು ಕಂಡದ್ದು, ನೂರಾರು ಹುಡುಗರದ್ದು.

ಹೊಡೆದಾಗಿದ್ದರೆ? ಪಾಪನಿವೇದನೆಯಲ್ಲಿ ದೇವರ ಕ್ಷಮೆ ಕೇಳುವುದು ಸರಿ. ಅದಕ್ಕೂ ಮೊದಲು ಮಗುವಿನ ಮುಂದೆ ಕುಳಿತು "ನಾನು ಹಾಗೆ ಹೊಡೆಯಬಾರದಿತ್ತು" ಎಂದು ಹೇಳಿ. ಇದರಿಂದ ಗೌರವ ಕಡಿಮೆಯಾಗುತ್ತದೆಂದು ಅಪ್ಪಂದಿರು ಅಂಜುತ್ತಾರೆ. ತಪ್ಪೊಪ್ಪಿಗೆ ಎಂದರೇನೆಂದು ಮಗು ಕಲಿಯುವುದು ಅಲ್ಲಿಯೇ.

ಕಾನೂನು, ನೆರೆಮನೆ, ನಾವು

ಕಾನೂನಿನ ಗೆರೆ ಸ್ವಲ್ಪ ಬೇರೆ. 1860ರ ಭಾರತೀಯ ದಂಡ ಸಂಹಿತೆಯ 89ನೆಯ ಕಲಂ 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಂನಲ್ಲೂ ಅದು ಉಳಿದಿದೆ. ಇದು ಪರವಾನಗಿಯಲ್ಲ. 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಅನಗತ್ಯವಾದ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಹೊಡೆದರೆ, ಹಿಂಸಿಸಿದರೆ, ಬೇಕೆಂದೇ ನಿರ್ಲಕ್ಷಿಸಿದರೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ಹೊಡೆಯುವುದನ್ನೂ ಪೂರ್ತಿಯಾಗಿ ನಿಷೇಧಿಸಿದ ದೇಶಗಳು 60ಕ್ಕೂ ಹೆಚ್ಚು. ಮೊದಲನೆಯದು 1979ರಲ್ಲಿ ಸ್ವೀಡನ್, ನಮ್ಮ ನೆರೆಯ ನೇಪಾಳ 2018ರಲ್ಲಿ. ಭಾರತ ಇನ್ನೂ ಆ ಪಟ್ಟಿಯಲ್ಲಿಲ್ಲ.

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನ ನಮ್ಮೆಲ್ಲರನ್ನೂ ಬೆಚ್ಚಿಬೀಳಿಸಬೇಕಿತ್ತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಕುಟುಂಬದೊಳಗೆ ಹಿಂಸೆ ಕಂಡವರಲ್ಲಿ ಶೇಕಡ 88.6 ಮಕ್ಕಳಿಗೆ ಹಿಂಸೆ ಕೊಟ್ಟವರು ಹೆತ್ತವರೇ. ಗೋವಾ, ಕೇರಳ, ಮಹಾರಾಷ್ಟ್ರ, ಆಂಧ್ರಪ್ರದೇಶಗಳು ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಇರಲಿಲ್ಲ, ಆದರೆ ನಮ್ಮ ಮನೆಗಳು ಅವಕ್ಕಿಂತ ಬೇರೆ ಎಂದುಕೊಳ್ಳಲು ಕಾರಣವೂ ಇಲ್ಲ.

ರಾತ್ರಿ ಪಕ್ಕದ ಮನೆಯಿಂದ ಮಗುವಿನ ಕೂಗು ಕೇಳುತ್ತದೆ. ನಾವು ಟಿವಿಯ ಸದ್ದು ಹೆಚ್ಚಿಸುತ್ತೇವೆ. "ಅದು ಅವರ ಮನೆ ವಿಷಯ". ಭಾನುವಾರದ ಧರ್ಮೋಪದೇಶಕ್ಕೆ ಆ ಮಗು ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಬರುತ್ತದೆ. ಕೇಳಿದರೆ "ಮೆಟ್ಟಿಲಲ್ಲಿ ಬಿದ್ದೆ" ಎನ್ನುತ್ತದೆ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ವೈದ್ಯಲೋಕದ ಕಣ್ಣು ತೆರೆಸಿದ್ದು ಇಂಥ ವಿಷಯದಲ್ಲೇ: ಮನೆಯವರು ಹೇಳುವ ಕಥೆಗೂ ಮೈಮೇಲಿನ ಗಾಯಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಗಾಯವನ್ನು ನಂಬಬೇಕು. ನಮ್ಮ ಧರ್ಮೋಪದೇಶಕರಿಗೂ ಈ ಪಾಠ ಬೇಕು. ಮಾನ ಕಾಪಾಡಲು ಮಕ್ಕಳ ನೋವನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಧರ್ಮಸಭೆ ಕಳೆದ ದಶಕಗಳಲ್ಲಿ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ.

ಮೊದಲು ಆ ಮನೆಯವರೊಂದಿಗೆ ಮಾತಾಡಲು ಸಾಧ್ಯವಿದ್ದರೆ ಮಾತಾಡಿ. ಮಗುವನ್ನು ಒಂದು ಸಂಜೆ ನಿಮ್ಮ ಮನೆಯಲ್ಲಿ ಕೂರಿಸಿಕೊಂಡು ತಾಯಿಗೆ ಉಸಿರಾಡಲು ಬಿಡುವು ಕೊಡಿ. ಧರ್ಮಕೇಂದ್ರದ ಗುರುಗಳಿಗೆ ಅಥವಾ ಸಿಸ್ಟರುಗಳಿಗೆ ತಿಳಿಸಿ. ಗಾಯ ಕಂಡರೆ, ಅಪಾಯವೆನಿಸಿದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರಂತೂ 2012ರ ಪೋಕ್ಸೋ ಕಾಯಿದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು, ಮುಚ್ಚಿಡುವುದೇ ಅಪರಾಧ. 1996ರಲ್ಲಿ ಮುಂಬಯಿಯಲ್ಲಿ ಶುರುವಾದ 1098ನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ. ಹಗಲು ರಾತ್ರಿ ಕರೆ ತೆಗೆದುಕೊಳ್ಳುತ್ತಾರೆ. ಕರೆ ಮಾಡಿದ ಕೂಡಲೇ ಅಪ್ಪ ಅಮ್ಮನನ್ನು ಜೈಲಿಗೆ ಕಳಿಸಿ ಮಗುವನ್ನು ಅನಾಥಾಲಯಕ್ಕೆ ಒಯ್ಯುತ್ತಾರೆಂಬ ಭಯ ಬೇಡ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಿಸುತ್ತದೆ, ಮಗುವನ್ನು ಕುಟುಂಬದಿಂದ ಬೇರೆಯಿಡುವುದು ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯಿದೆಯೇ ಹೇಳುತ್ತದೆ. ಮಗುವಿನ ಹೆಸರು ಗೊತ್ತಿಲ್ಲದಿದ್ದರೂ ಮನೆ ಎಲ್ಲಿದೆ ಎಂದು ಗುರುತು ಹೇಳಿ. ಕರೆಗೆ ಹಣವಿಲ್ಲ.